ಹಳೆ ಪೆಂಟಿಯಂ ಮೇಲೆ ಗ್ನೂಸ್ಟೆಪ್ ಕಟ್ಟುವುದು

(ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರ ಕಾಲೇಜಿನಲ್ಲಿ ಒಂದು ಸ್ಟೋರ್ ರೂಮ್ ಇರುತ್ತದೆ. ಅಲ್ಲಿ ಪೆಂಟಿಯಂ 3, ಪೆಂಟಿಯಂ 4 ಕಾಲದ ಡಬ್ಬಿಗಳು ಒಂದರ ಮೇಲೊಂದು ಕೂತಿರುತ್ತವೆ. ಹುಬ್ಬಳ್ಳಿಯ ಆಫೀಸುಗಳಲ್ಲಿ, ಗದಗಿನ ಪ್ರೆಸ್ಸುಗಳಲ್ಲಿ, ಹಾವೇರಿಯ ಟೈಪಿಂಗ್ ಅಂಗಡಿಗಳಲ್ಲಿ ಕೂಡ ಇವು ಸಿಗುತ್ತವೆ. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗ ಒಂದಷ್ಟು ಯಂತ್ರಗಳು ಮೂಲೆ ಸೇರಿದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಬೆಂಬಲ ಮುಗಿಯಿತು. ಈಗ ಇನ್ನಷ್ಟು ಸೇರುತ್ತಿವೆ. ಇವುಗಳಲ್ಲಿ ಎಷ್ಟೋ ಯಂತ್ರಗಳು ಕೆಟ್ಟಿಲ್ಲ. ಅವುಗಳ ಮೇಲೆ ಓಡಬೇಕಾದ ಸಾಫ್ಟ್‌ವೇರ್ ದೊಡ್ಡದಾಗಿದೆ, ಅಷ್ಟೇ.

ಅಂಥ ಒಂದು ಡಬ್ಬಿಯ ಮೇಲೆ ಗ್ನೂಸ್ಟೆಪ್ ಎಂಬ ಡೆವಲಪ್‌ಮೆಂಟ್ ಫ್ರೇಮ್‌ವರ್ಕನ್ನು, ಅಂದರೆ ಪ್ರೋಗ್ರಾಂ ಬರೆಯಲು ಬೇಕಾದ ಸಿದ್ಧ ಭಾಗಗಳ ಕಟ್ಟನ್ನು, ಸೋರ್ಸ್ ಕೋಡಿನಿಂದ ಕಂಪೈಲ್ ಮಾಡಿ ಯಂತ್ರ ಓಡಿಸುವ ರೂಪಕ್ಕೆ ತರುವುದು ಹೇಗೆ, ಅದರಿಂದ ಏನು ಕಲಿಯಬಹುದು ಅಂತ ಇವತ್ತು ಹೇಳುತ್ತೇನೆ. ರೆಡಿ ಪ್ಯಾಕೇಜ್ ಸಿಗುತ್ತದೆ, ಸುಮ್ನೆ ಯಾಕೆ ಕಂಪೈಲ್ ಮಾಡಬೇಕು ಅಂತ ನೀವು ಕೇಳಬಹುದು. ಹೊಸ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಸಾಲುಗಳು ಸರ್ರನೆ ಮೇಲೆ ಓಡಿಹೋಗುತ್ತವೆ. ಒಂದೂ ಕಣ್ಣಿಗೆ ಬೀಳುವುದಿಲ್ಲ. ಹಳೆ ಯಂತ್ರದಲ್ಲಿ ಒಂದೊಂದು ಫೈಲಿನ ಹೆಸರೂ ಪರದೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಯಾವುದರ ಮೇಲೆ ಯಾವುದು ಕೂತಿದೆ ಅನ್ನುವುದು ಕಾಣುತ್ತದೆ. ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಓದಿದ ಹುಡುಗರಿಗೂ ಈ ಪದರಗಳನ್ನು ಕೈಯಾರೆ ಮುಟ್ಟುವ ಅವಕಾಶ ಸಿಕ್ಕಿರುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇದು.

ಸರಿ, ಗ್ನೂಸ್ಟೆಪ್ಪೇ ಯಾಕೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸ್ಟೀವ್ ಜಾಬ್ಸ್ 1985ರಲ್ಲಿ ಆಪಲ್ ಬಿಟ್ಟು ನೆಕ್ಸ್ಟ್ ಎಂಬ ಕಂಪನಿ ಶುರು ಮಾಡಿದರು. 1988ರಲ್ಲಿ ಅವರ ಮೊದಲ ಕಂಪ್ಯೂಟರ್ ಬಂತು. ಅದರಲ್ಲಿ ಇದ್ದದ್ದು 25 ಮೆಗಾಹರ್ಟ್ಸ್‌ನ ಮೊಟೊರೊಲಾ 68030 ಪ್ರೊಸೆಸರ್, 8 ಎಂಬಿ ರ‍್ಯಾಮ್. ಪರದೆಯಲ್ಲಿ ಬಣ್ಣ ಇರಲಿಲ್ಲ. ಕಪ್ಪು, ಬಿಳುಪು, ನಡುವೆ ಎರಡು ಬೂದು, ಅಷ್ಟೇ. ಆ ಯಂತ್ರದ ನೆಕ್ಸ್ಟ್‌ಸ್ಟೆಪ್ ಎಂಬ ವ್ಯವಸ್ಥೆಯ ಮೇಲೆ ಕೂತು ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಗತ್ತಿನ ಮೊದಲ ವೆಬ್ ಬ್ರೌಸರ್ ಬರೆದರು. 1994ರಲ್ಲಿ ನೆಕ್ಸ್ಟ್ ಮತ್ತು ಸನ್ ಕಂಪನಿಗಳು ಸೇರಿ ಓಪನ್‌ಸ್ಟೆಪ್ ಎಂಬ ನಿರ್ದಿಷ್ಟ ವಿವರಣೆಯನ್ನು ಪ್ರಕಟಿಸಿದವು. ಯಾವ ಕ್ಲಾಸ್ ಇರಬೇಕು, ಅದಕ್ಕೆ ಯಾವ ಮೆಥಡ್ ಇರಬೇಕು, ಅದು ಏನು ಮಾಡಬೇಕು ಎಲ್ಲ ಅದರಲ್ಲಿದೆ. ಆ ವಿವರಣೆಯ ಮುಕ್ತ ರೂಪವೇ ಗ್ನೂಸ್ಟೆಪ್. 1996ರ ಕೊನೆಯಲ್ಲಿ ಆಪಲ್ ನೆಕ್ಸ್ಟನ್ನು ಕೊಳ್ಳುವುದಾಗಿ ಹೇಳಿತು. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದಾಗ ಅದರೊಳಗೆ ಇದ್ದದ್ದು ಇದೇ ಅಸ್ಥಿಪಂಜರ. ಇವತ್ತಿಗೂ ಐಫೋನ್ ಕೋಡಿನಲ್ಲಿ ಎನ್‌ಎಸ್‌ಸ್ಟ್ರಿಂಗ್, ಎನ್‌ಎಸ್‌ಅರೇ ಅಂತ ಹೆಸರುಗಳು ಕಾಣುತ್ತವೆ, ಅಲ್ವಾ? ಆ ಎನ್‌ಎಸ್ ಬಂದದ್ದು ನೆಕ್ಸ್ಟ್‌ಸ್ಟೆಪ್‌ನಿಂದ.

ಈಗ ನಿಮ್ಮ ಸ್ಟೋರ್ ರೂಮಿನ ಪೆಂಟಿಯಂ 3ನ್ನು ನೆನಪಿಸಿಕೊಳ್ಳಿ. ಅದರಲ್ಲಿ 256 ಎಂಬಿ ರ‍್ಯಾಮ್ ಇದೆ ಅಂದುಕೊಳ್ಳಿ. ಮೊದಲ ನೆಕ್ಸ್ಟ್ ಯಂತ್ರದ 32 ಪಟ್ಟು! ಗ್ನೂಸ್ಟೆಪ್ ಈ ವರ್ಷಗಳಲ್ಲಿ ಬೆಳೆದಿದೆ, ನಿಜ. ಆದರೆ ಅದರ ವಿನ್ಯಾಸ ಹುಟ್ಟಿದ್ದು ಸಣ್ಣ ಯಂತ್ರಕ್ಕಾಗಿ. ಆದ್ದರಿಂದ ಹಳೆ ಕಂಪ್ಯೂಟರಿನ ಮೇಲೆ ಅದು ತಕ್ಕ ಜಾಗದಲ್ಲಿ ಕೂತ ಹಾಗೆ ನಡೆಯುತ್ತದೆ.

ಗ್ನೂಸ್ಟೆಪ್ ಶುರುವಾದ ರೀತಿ ನನಗೆ ತುಂಬ ಇಷ್ಟ. ಅಮೆರಿಕದ ಸ್ಟ್ಯಾನ್‌ಫರ್ಡ್ ಲೀನಿಯರ್ ಆಕ್ಸೆಲರೇಟರ್ ಸೆಂಟರ್‌ನಲ್ಲಿ ಪಾಲ್ ಕುಂಜ್ ಎಂಬ ಭೌತವಿಜ್ಞಾನಿ ಇದ್ದರು. ಅಮೆರಿಕದ ಮೊದಲ ವೆಬ್ ಸರ್ವರನ್ನು 1991ರ ಡಿಸೆಂಬರ್‌ನಲ್ಲಿ ಶುರು ಮಾಡಿದವರು ಅವರೇ. ಅವರ ಬಳಿ ದತ್ತಾಂಶದ ಚಿತ್ರ ಬಿಡಿಸುವ ಹಿಪ್ಪೋಡ್ರಾ ಎಂಬ ಪ್ರೋಗ್ರಾಂ ಇತ್ತು. ಅದು ನೆಕ್ಸ್ಟ್ ಮೇಲೆ ಮಾತ್ರ ಓಡುತ್ತಿತ್ತು. ಬೇರೆ ಯಂತ್ರಗಳಿಗೆ ಒಯ್ಯಬೇಕಿತ್ತು. ಬೇರೆಯವರಾಗಿದ್ದರೆ ಪ್ರೋಗ್ರಾಮನ್ನೇ ತಿರುಗಿ ಬರೆಯುತ್ತಿದ್ದರು. ಕುಂಜ್ ಮತ್ತು ಅವರ ಜೊತೆಗಾರರು ಅದರ ಕೆಳಗಿನ ನೆಲವನ್ನೇ ಹೊಸದಾಗಿ ಬರೆಯಲು ಹೊರಟರು. ಆ ಲೈಬ್ರರಿಯೇ ಮುಂದೆ ಗ್ನೂಸ್ಟೆಪ್‌ಗೆ ಮೂಲವಾಯಿತು.

ಇದರ ಜೊತೆ ಕಂಪೈಲರಿನ ಕಥೆಯೂ ಇದೆ. ನೆಕ್ಸ್ಟ್‌ಸ್ಟೆಪ್, ಗ್ನೂಸ್ಟೆಪ್ ಎರಡಕ್ಕೂ ಬಳಸಿದ ಆಬ್ಜೆಕ್ಟಿವ್-ಸಿ ಭಾಷೆಯನ್ನು 1980ರ ದಶಕದ ಮೊದಲ ವರ್ಷಗಳಲ್ಲಿ ರೂಪಿಸಿದವರು ಬ್ರ್ಯಾಡ್ ಕಾಕ್ಸ್ ಮತ್ತು ಟಾಮ್ ಲವ್. ನೆಕ್ಸ್ಟ್ ಕಂಪನಿ ಈ ಭಾಷೆಯನ್ನು ಗ್ನೂ ಎಂಬ ಮುಕ್ತ ಸಾಫ್ಟ್‌ವೇರ್ ಯೋಜನೆಯ ಜಿಸಿಸಿ ಕಂಪೈಲರಿಗೆ ಸೇರಿಸಿತು. ಆದರೆ ತಾನು ಬರೆದ ಭಾಗದ ಸೋರ್ಸ್ ಕೊಡುವ ಮನಸ್ಸು ಅದಕ್ಕೆ ಮೊದಲು ಇರಲಿಲ್ಲ. ಜಿಸಿಸಿಯ ಪರವಾನಗಿ ಜಿಪಿಎಲ್. ಅದರ ಪ್ರಕಾರ ಕೊಡಲೇಬೇಕು ಅಂತ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹಿಡಿದು ಕೂತಿತು. ನೆಕ್ಸ್ಟ್ ಕೊಟ್ಟಿತು. ಆದರೆ ರನ್‌ಟೈಮ್ ಲೈಬ್ರರಿ ಮಾತ್ರ ಕೊಡಲಿಲ್ಲ. ಅದನ್ನು ಗ್ನೂ ಕಡೆಯವರು ತಾವೇ ಬರೆದುಕೊಂಡರು. ಇವತ್ತು ನೀವು ಧಾರವಾಡದಲ್ಲಿ ಕೂತು ಜಿಸಿಸಿಯಲ್ಲಿ ಆಬ್ಜೆಕ್ಟಿವ್-ಸಿ ಕಂಪೈಲ್ ಮಾಡಬಹುದು ಅಂದರೆ ಅದಕ್ಕೆ ಆ ಹಟ ಕಾರಣ.

ರನ್‌ಟೈಮ್ ಅಂದೆ. ಅದೇನು ಅಂತ ಸ್ವಲ್ಪ ನೋಡೋಣ. ಆಬ್ಜೆಕ್ಟಿವ್-ಸಿ ಅಂದರೆ ಪೂರ್ತಿ ಸಿ ಭಾಷೆ, ಮೇಲೆ ಒಂದು ತೆಳು ಪದರ. ಚೌಕ ಆವರಣದೊಳಗೆ ವಸ್ತುವಿನ ಹೆಸರು, ಪಕ್ಕದಲ್ಲಿ ಸಂದೇಶದ ಹೆಸರು. ಕಂಪೈಲ್ ಆಗುವಾಗ ಯಾವ ಫಂಕ್ಷನ್ ಕರೆಯಬೇಕು ಅನ್ನುವುದು ತೀರ್ಮಾನ ಆಗುವುದಿಲ್ಲ. ಪ್ರೋಗ್ರಾಂ ಓಡುವಾಗ ರನ್‌ಟೈಮ್ ಹುಡುಕಿ ಕೊಡುತ್ತದೆ. ಈ ಹುಡುಕಾಟ ಕೂಡ ಸಿ ಭಾಷೆಯ ಒಂದು ಫಂಕ್ಷನ್ನೇ. ತೆರೆದು ಓದಬಹುದು, ಅರ್ಥವಾಗುತ್ತದೆ. ಆಪಲ್ ರನ್‌ಟೈಮ್‌ನಲ್ಲಿ ಹುಡುಕುವುದು, ಕರೆಯುವುದು ಎರಡೂ ಒಂದೇ ಹೆಜ್ಜೆ. ಗ್ನೂ ರನ್‌ಟೈಮ್‌ನಲ್ಲಿ ಮೊದಲು ಫಂಕ್ಷನ್ನಿನ ವಿಳಾಸ ಸಿಗುತ್ತದೆ, ಆಮೇಲೆ ಕರೆ ನಡೆಯುತ್ತದೆ. ಕಲಿಸುವವರಿಗೆ ಎರಡನೆಯದೇ ಅನುಕೂಲ. ಡೀಬಗರ್‌ನಲ್ಲಿ ನಡುವೆ ನಿಲ್ಲಿಸಿ ತೋರಿಸಬಹುದು.

ಭಾಷೆ ಸಣ್ಣದಾಗಿರುವುದರಿಂದ ಹಳೆ ಯಂತ್ರಕ್ಕೆ ಇನ್ನೊಂದು ಲಾಭ ಇದೆ. ಸಿ++ನಲ್ಲಿ ಬರೆದ ದೊಡ್ಡ ಪ್ರಾಜೆಕ್ಟುಗಳಲ್ಲಿ ಒಂದೇ ಫೈಲ್ ಕಂಪೈಲ್ ಆಗಲು ನೂರಾರು ಎಂಬಿ ರ‍್ಯಾಮ್ ಬೇಕಾಗುತ್ತದೆ. ಸಿ++ನಲ್ಲೇ ಬರೆದ ಕ್ಲಾಂಗ್ ಎಂಬ ಇನ್ನೊಂದು ಕಂಪೈಲರನ್ನೇ ಸೋರ್ಸಿನಿಂದ ಕಟ್ಟಲು ಹೊರಟರೆ 256 ಎಂಬಿ ಯಂತ್ರ ಅಲ್ಲೇ ಸೋಲುತ್ತದೆ. ಗ್ನೂಸ್ಟೆಪ್‌ನ ಫೈಲುಗಳು ಹಾಗಲ್ಲ. ಒಂದೊಂದು ಕ್ಲಾಸಿಗೆ ಒಂದೊಂದು ಫೈಲ್ ಅನ್ನುವ ಪದ್ಧತಿ. ಕಂಪೈಲರ್ ಒಂದನ್ನು ತಿಂದು ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ.

ಈಗ ಯಂತ್ರಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ.

ಕಂಪೈಲ್ ಮಾಡುವುದು ಅಂದರೆ ಪ್ರೊಸೆಸರಿಗೆ ಗಂಟೆಗಟ್ಟಲೆ ಬಿಡುವಿಲ್ಲದ ಕೆಲಸ. ಟೈಪಿಂಗಿಗೆ ಬಳಸಿದ ಯಂತ್ರ ಹತ್ತು ವರ್ಷದಲ್ಲಿ ಅಂಥ ಕೆಲಸ ಒಮ್ಮೆಯೂ ಮಾಡಿರುವುದಿಲ್ಲ. ಮೊದಲು ಡಬ್ಬಿ ಬಿಚ್ಚಿ. ನವಲಗುಂದ, ಗದಗ ಕಡೆಯ ಯಂತ್ರವಾದರೆ ಎರೆ ಮಣ್ಣಿನ ನಯವಾದ ಧೂಳು ಫ್ಯಾನಿನ ಕೆಳಗೆ ಹೀಟ್‌ಸಿಂಕಿನ ಸಂದುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬ್ರಷ್ ಹಿಡಿದು ತೆಗೆಯಿರಿ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಒರೆಸಿ ಹೊಸದು ಹಚ್ಚಿ. ಇದನ್ನು ಬಿಟ್ಟರೆ ಏಪ್ರಿಲ್ ಮಧ್ಯಾಹ್ನ ಕಂಪೈಲ್ ನಡುವೆ ಯಂತ್ರ ತಾನಾಗಿ ಆರಿಹೋಗುತ್ತದೆ.

ಆಮೇಲೆ ಮದರ್‌ಬೋರ್ಡಿನ ಮೇಲೆ ನಿಂತಿರುವ ಸಣ್ಣ ಸಿಲಿಂಡರುಗಳನ್ನು ನೋಡಿ. ಅವು ಕೆಪಾಸಿಟರುಗಳು. 2000ದ ಆಸುಪಾಸಿನಿಂದ ಕೆಲವು ವರ್ಷ ತಯಾರಾದ ಬೋರ್ಡುಗಳಲ್ಲಿ ಕಳಪೆ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರುಗಳು ಬಂದವು. ಅವುಗಳ ತಲೆ ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಆ ಬೋರ್ಡನ್ನು ನಂಬಬೇಡಿ. ಬೆಸುಗೆ ಬಲ್ಲವರು ಬದಲಾಯಿಸಬಹುದು. ಇಲ್ಲದಿದ್ದರೆ ಬೇರೆ ಡಬ್ಬಿ ತೆಗೆದುಕೊಳ್ಳಿ, ನಿಮ್ಮಲ್ಲಿ ಬೇಕಾದಷ್ಟಿವೆ.

ಮೂರನೆಯದು ಗಡಿಯಾರ. ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಸಿಆರ್ 2032, ಸತ್ತುಹೋಗಿರುತ್ತದೆ. ಯಂತ್ರ ಎದ್ದಾಗ ಹತ್ತಿಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ತಾರೀಖು ತಪ್ಪಿದ್ದರೆ ಏನು ಮಹಾ ಅನಿಸಬಹುದು. ಆದರೆ ಮೇಕ್ ಎಂಬ ಸಾಧನ ನಡೆಯುವುದೇ ತಾರೀಖಿನ ಮೇಲೆ. ಸೋರ್ಸ್ ಫೈಲು ಹೊಸದೋ, ಕಂಪೈಲ್ ಆದ ಫೈಲು ಹೊಸದೋ ಅಂತ ಹೋಲಿಸಿ, ಯಾವುದನ್ನು ಕಟ್ಟಬೇಕು ಅಂತ ಅದು ತೀರ್ಮಾನಿಸುತ್ತದೆ. ಯಂತ್ರ 2002ರಲ್ಲಿದೆ, ಸೋರ್ಸ್ 2024ರದ್ದು ಅಂದರೆ ಎಲ್ಲ ಫೈಲೂ ಭವಿಷ್ಯದಿಂದ ಬಂದ ಹಾಗೆ ಕಾಣುತ್ತದೆ. 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್' ಅನ್ನುವ ಎಚ್ಚರಿಕೆ ಬರುತ್ತದೆ. ಕಟ್ಟಿದ್ದನ್ನೇ ಮತ್ತೆ ಮತ್ತೆ ಕಟ್ಟುತ್ತದೆ. ಸೋರ್ಸ್ ಡೌನ್‌ಲೋಡ್ ಕೂಡ ಆಗುವುದಿಲ್ಲ. ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಅಂತ ಸುರಕ್ಷಿತ ಸಂಪರ್ಕ ಮುರಿಯುತ್ತದೆ. ಒಂದು ಸೆಲ್ ಬದಲಿಸಿದರೆ ಇಷ್ಟೆಲ್ಲ ಸರಿಹೋಗುತ್ತದೆ.

ನಾಲ್ಕನೆಯದು ರ‍್ಯಾಮ್. ಮೆಮ್‌ಟೆಸ್ಟ್ ಎಂಬ ಪರೀಕ್ಷಾ ಪ್ರೋಗ್ರಾಂ ಹಾಕಿ ಒಂದು ರಾತ್ರಿ ಓಡಲು ಬಿಡಿ. ಕಂಪೈಲರ್ 'ಇಂಟರ್ನಲ್ ಕಂಪೈಲರ್ ಎರರ್, ಸೆಗ್ಮೆಂಟೇಶನ್ ಫಾಲ್ಟ್' ಅಂತ ಸತ್ತರೆ ಗಾಬರಿಯಾಗಬೇಡಿ, ಮತ್ತೆ ಮೇಕ್ ಕೊಡಿ. ಅದೇ ಫೈಲಿನ ಅದೇ ಸಾಲಿನಲ್ಲಿ ಸತ್ತರೆ ಸಾಫ್ಟ್‌ವೇರಿನ ತೊಂದರೆ. ಪ್ರತಿ ಸಲ ಬೇರೆ ಬೇರೆ ಕಡೆ ಸತ್ತರೆ ರ‍್ಯಾಮ್ ಅಥವಾ ಶಾಖ ಕಾರಣ. ಈ ಒಂದು ಗುರುತು ತಿಳಿದರೆ ಎಷ್ಟೋ ಹೊತ್ತು ಉಳಿಯುತ್ತದೆ.

ಆಪರೇಟಿಂಗ್ ಸಿಸ್ಟಂ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ 32 ಬಿಟ್ ಇಂಟೆಲ್ ಯಂತ್ರಕ್ಕೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಡೆಬಿಯನ್ 12 ನಡೆಯುತ್ತದೆ. ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಇವತ್ತಿಗೂ ಇಂಥ ಯಂತ್ರಗಳನ್ನು ಕೈಬಿಟ್ಟಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಎಸ್‌ಎಸ್‌ಇ2 ಎಂಬ ಆಜ್ಞೆಗಳ ಗುಂಪು ಪೆಂಟಿಯಂ 4ರ ಜೊತೆ ಬಂತು. ಪೆಂಟಿಯಂ 3ರಲ್ಲಿ ಇಲ್ಲ. ಅದು ಇದ್ದೇ ಇರುತ್ತದೆ ಅಂತ ನಂಬಿ ಕಂಪೈಲ್ ಮಾಡಿದ ಪ್ರೋಗ್ರಾಂ ಪೆಂಟಿಯಂ 3ರಲ್ಲಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಬಿದ್ದುಹೋಗುತ್ತದೆ. ನೀವೇ ಕಂಪೈಲ್ ಮಾಡಿದರೆ ಯಂತ್ರ ಯಾವುದು ಅಂತ ಕಂಪೈಲರಿಗೆ ಹೇಳಬಹುದು. ಅದು ಆ ಪ್ರೊಸೆಸರಿಗೆ ಗೊತ್ತಿರುವ ಆಜ್ಞೆಗಳನ್ನು ಮಾತ್ರ ಬಳಸುತ್ತದೆ. ಸೋರ್ಸಿನಿಂದ ಕಟ್ಟಲು ಇದೂ ಒಂದು ಕಾರಣ.

ಇನ್ನು ಕಟ್ಟುವ ಕೆಲಸ. ಗ್ನೂಸ್ಟೆಪ್ ನಾಲ್ಕು ಪದರ: ಮೇಕ್, ಬೇಸ್, ಗುಯಿ, ಬ್ಯಾಕ್. ಈ ಕ್ರಮ ತಪ್ಪಿಸುವ ಹಾಗಿಲ್ಲ. ಬೆಟಗೇರಿಯ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸು ಹೂಡದೆ ಹೊಕ್ಕು ಹೊಡೆಯಲು ಆಗುವುದಿಲ್ಲ.

ಮೊದಲನೆಯ ಪದರ ಗ್ನೂಸ್ಟೆಪ್ ಮೇಕ್. ಆಗ ಹೇಳಿದ ಮೇಕ್ ಸಾಧನ ಬೇರೆ, ಇದು ಬೇರೆ. ಇದರಲ್ಲಿ ಕಂಪೈಲ್ ಮಾಡುವಂಥದ್ದು ಹೆಚ್ಚೇನೂ ಇಲ್ಲ. ಉಳಿದ ಎಲ್ಲವನ್ನೂ ಹೇಗೆ ಕಟ್ಟಬೇಕು ಅನ್ನುವ ನಿಯಮಗಳ ಕಟ್ಟು ಇದು. ಬೇಗ ಮುಗಿಯುತ್ತದೆ, ಆದ್ದರಿಂದ ಜನ ಅವಸರ ಮಾಡುತ್ತಾರೆ. ಇದನ್ನು ಹಾಕಿದ ಮೇಲೆ ಗ್ನೂಸ್ಟೆಪ್ ಡಾಟ್ ಎಸ್‌ಎಚ್ ಎಂಬ ಚಿಕ್ಕ ಫೈಲನ್ನು ನಿಮ್ಮ ಶೆಲ್‌ನಲ್ಲಿ, ಅಂದರೆ ಟರ್ಮಿನಲ್‌ನಲ್ಲಿ ಆಜ್ಞೆ ನಡೆಸುವ ಪ್ರೋಗ್ರಾಮಿನಲ್ಲಿ, ಓದಿಸಬೇಕು. ಆಗ ಮಾತ್ರ ನಿಯಮಗಳು ಎಲ್ಲಿವೆ ಅನ್ನುವ ವೇರಿಯೇಬಲ್ ತುಂಬುತ್ತದೆ. ಓದಿಸದೆ ಮುಂದೆ ಹೋದರೆ 'ಸ್ಲ್ಯಾಶ್ ಕಾಮನ್ ಡಾಟ್ ಮೇಕ್ ಸಿಗಲಿಲ್ಲ' ಅಂತ ಎರರ್ ಬರುತ್ತದೆ. ಆ ಎರರ್ ಸಾಲನ್ನು ಗಮನವಿಟ್ಟು ನೋಡಿ. ಫೈಲಿನ ಹೆಸರಿನ ಹಿಂದೆ ದಾರಿಯೇ ಇಲ್ಲ, ಬರೀ ಒಂದು ಸ್ಲ್ಯಾಶ್. ಅಂದರೆ ಆ ವೇರಿಯೇಬಲ್ ಖಾಲಿ ಇದೆ. ಕಾರಣ ಆ ಒಂದು ಗೆರೆಯಲ್ಲೇ ಇದೆ! ಆದರೆ ಎರರ್ ಕಂಡ ತಕ್ಷಣ ಅದನ್ನು ಓದದೆ ಹುಡುಕಲು ಓಡುವುದು ನಮಗೆ ಅಭ್ಯಾಸವಾಗಿದೆ. ದಯವಿಟ್ಟು ಮೊದಲು ಓದಿ. ಅಡ್ಮಿನ್ ಅಧಿಕಾರ ಕೊಡುವ ಸುಡೋ ಬಳಸಿ ಇನ್‌ಸ್ಟಾಲ್ ಮಾಡುವಾಗಲೂ ಇದೇ ಆಗುತ್ತದೆ. ಸುಡೋ ನಿಮ್ಮ ವೇರಿಯೇಬಲ್‌ಗಳನ್ನು ಆಚೆ ಬಿಟ್ಟು ಒಳಗೆ ಹೋಗುತ್ತದೆ.

ಎರಡನೆಯದು ಬೇಸ್. ಇದೇ ನಿಜವಾದ ಮೈಭಾರ. ಸ್ಟ್ರಿಂಗ್, ಅರೇ, ಡಿಕ್ಷನರಿ, ತಾರೀಖು, ಫೈಲು, ನೆಟ್‌ವರ್ಕ್, ಎಲ್ಲ ಇದರಲ್ಲಿ. ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಓಡಿಸಿದಾಗ ಅದು ಯಂತ್ರವನ್ನು ತಡಕಾಡಿ ನೋಡುತ್ತದೆ. ಆಬ್ಜೆಕ್ಟಿವ್-ಸಿ ಕಂಪೈಲರ್ ಕೆಲಸ ಮಾಡುತ್ತದೆಯೇ? ಡೆಬಿಯನ್‌ನಲ್ಲಿ ಸಿ ಕಂಪೈಲರ್ ಇದ್ದರೆ ಸಾಲದು, ಆಬ್ಜೆಕ್ಟಿವ್-ಸಿ ಭಾಗ ಬೇರೆ ಪ್ಯಾಕೇಜು. ಆಮೇಲೆ ಲಿಬ್‌ಎಫ್‌ಎಫ್‌ಐ, ಲಿಬ್‌ಎಕ್ಸ್‌ಎಂಎಲ್2, ಗ್ನೂಟಿಎಲ್‌ಎಸ್, ಐಸಿಯು ಎಂಬ ಲೈಬ್ರರಿಗಳು ಇವೆಯೇ? ಇವನ್ನೆಲ್ಲ ಸೋರ್ಸಿನಿಂದ ಕಟ್ಟುವ ಹಟ ಬೇಡ. ಇವುಗಳ ರೆಡಿ ಪ್ಯಾಕೇಜ್ ಹಾಕಿಕೊಳ್ಳಿ. ಕೆಲವನ್ನು ಬೇಡ ಅನ್ನಲೂಬಹುದು. ಟಿಎಲ್‌ಎಸ್ ಬೇಡ ಅಂದರೆ ಸುರಕ್ಷಿತ ವೆಬ್ ಸಂಪರ್ಕ ಇರುವುದಿಲ್ಲ, ಉಳಿದದ್ದು ನಡೆಯುತ್ತದೆ. ಆದರೆ ಐಸಿಯು ಬಿಡಬೇಡಿ. ಭಾಷೆಗೆ ತಕ್ಕ ಅಕಾರಾದಿ ಜೋಡಣೆ, ತಾರೀಖಿನ ಬರಹ ಇವೆಲ್ಲ ಅದರಿಂದ ಬರುತ್ತವೆ. ಕನ್ನಡದ ಕೆಲಸ ಮಾಡುವವರಿಗೆ ಅದು ಬೇಕೇ ಬೇಕು. ಕಾನ್ಫಿಗರ್ ಏನಾದರೂ ಸಿಗಲಿಲ್ಲ ಅಂತ ನಿಂತರೆ ಕಾನ್ಫಿಗ್ ಡಾಟ್ ಲಾಗ್ ಫೈಲು ತೆರೆಯಿರಿ. ಯಾವ ಪುಟ್ಟ ಪ್ರೋಗ್ರಾಮನ್ನು ಕಂಪೈಲ್ ಮಾಡಿ ನೋಡಿತು, ಅದು ಯಾಕೆ ಬಿತ್ತು ಅಂತ ಪೂರ್ತಿ ಬರೆದಿರುತ್ತದೆ.

ರ‍್ಯಾಮ್ ಕಡಿಮೆ ಇದ್ದಾಗ ಕೆಲವು ಕಟ್ಟುಪಾಡು ಬೇಕು. ಗ್ರಾಫಿಕ್ಸ್ ಡೆಸ್ಕ್‌ಟಾಪ್ ಮುಚ್ಚಿ, ಬರೀ ಟರ್ಮಿನಲ್‌ನಲ್ಲಿ ಕಂಪೈಲ್ ಮಾಡಿ. ಡಿಸ್ಕಿನಲ್ಲಿ ಒಂದು ಜಿಬಿ ಸ್ವಾಪ್, ಅಂದರೆ ರ‍್ಯಾಮ್ ಸಾಲದಾಗ ಬಳಸುವ ಜಾಗ, ಇಡಿ. ಒಂದು ಸಲಕ್ಕೆ ಒಂದೇ ಫೈಲ್, ಸಮಾನಾಂತರ ಕೆಲಸ ಬೇಡ. ಪೈಪ್ ಎಂಬ ಆಯ್ಕೆ ತೆಗೆಯಿರಿ, ಅದಿದ್ದರೆ ಕಂಪೈಲರ್ ಮತ್ತು ಅಸೆಂಬ್ಲರ್ ಎರಡೂ ಒಟ್ಟಿಗೆ ರ‍್ಯಾಮ್ ಹಿಡಿಯುತ್ತವೆ. ಡೀಬಗ್ ಮಾಹಿತಿ ಬೇಡ ಅನ್ನಿ. ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಫೈಲುಗಳು ಚಿಕ್ಕದಾಗಿ, ಕೊನೆಗೆ ಎಲ್ಲವನ್ನೂ ಸೇರಿಸುವ ಲಿಂಕಿಂಗ್ ಹಗುರಾಗುತ್ತದೆ. ಲ್ಯಾಬಿನಲ್ಲಿ ನಾಲ್ಕೈದು ಹಳೆ ಯಂತ್ರಗಳಿದ್ದು ಎಲ್ಲದರಲ್ಲೂ ಒಂದೇ ಕಂಪೈಲರ್ ಆವೃತ್ತಿ ಇದ್ದರೆ ಡಿಸ್ಟ್‌ಸಿಸಿ ಹಾಕಿ. ಫೈಲುಗಳನ್ನು ಅದು ಹಂಚಿ ಕಂಪೈಲ್ ಮಾಡಿಸುತ್ತದೆ.

ಕಂಪೈಲ್ ನಡುವೆ ಕರೆಂಟ್ ಹೋದರೆ ಏನು ಗತಿ ಅಂತ ಇಲ್ಲಿ ಒಬ್ಬರು ಕೇಳಿದರು. ನಮ್ಮೂರಿಗೆ ತಕ್ಕ ಪ್ರಶ್ನೆ. ಹೆದರಬೇಡಿ. ಮುಗಿದ ಫೈಲುಗಳು ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಮತ್ತೆ ಮೇಕ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲು ಮಾತ್ರ ಸೊನ್ನೆ ಬೈಟಿನದ್ದಾಗಿ ಉಳಿದಿರಬಹುದು. ತಾರೀಖು ಹೊಸದಿರುವುದರಿಂದ ಮೇಕ್ ಅದನ್ನು ಮುಗಿದ ಕೆಲಸ ಅಂತ ತಿಳಿಯುತ್ತದೆ. ಆಮೇಲೆ ಲಿಂಕಿಂಗ್‌ನಲ್ಲಿ ವಿಚಿತ್ರ ಎರರ್ ಬರುತ್ತದೆ. ಆದ್ದರಿಂದ ಕರೆಂಟ್ ಬಂದ ಮೇಲೆ ಮೊದಲು ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಹುಡುಕಿ ಅಳಿಸಿ, ಆಮೇಲೆ ಮೇಕ್ ಕೊಡಿ.

ಬೇಸ್ ಮುಗಿದರೆ ಅಲ್ಲೇ ನಿಲ್ಲಿ. ಕಿಟಕಿ, ಬಟನ್ ಎಲ್ಲ ಆಮೇಲೆ. ಬರೀ ಬೇಸ್ ಮೇಲೆ ಟರ್ಮಿನಲ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ ಬರೆಯಿರಿ. ನಾನು ಸೂಚಿಸುವ ಮೊದಲ ಪ್ರೋಗ್ರಾಂ ಇದು: ಊರಿನ ಹೆಸರು ಕೊಟ್ಟರೆ ಅದರ ಉದ್ದ ಹೇಳಬೇಕು. ಎನ್‌ಎಸ್‌ಸ್ಟ್ರಿಂಗ್‌ಗೆ ಲೆಂಗ್ತ್ ಅಂತ ಸಂದೇಶ ಕಳಿಸಿದರೆ ಆಯಿತು. ಹೆಸರನ್ನು ಮಾತ್ರ ನೇರ ಸ್ಥಿರ ಸ್ಟ್ರಿಂಗ್ ಆಗಿ ಬರೆಯದೆ, ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ರೂಪದ ಬೈಟುಗಳಿಂದ ಕಟ್ಟಿಕೊಳ್ಳಿ. ಹಳೆ ಕಂಪೈಲರಿನಲ್ಲಿ ಅದು ಹೆಚ್ಚು ಸುರಕ್ಷಿತ.

ಗದಗ ಅಂತ ಕೊಡಿ. ಉತ್ತರ 3. ಸರಿಯಾಗಿದೆ ಅಲ್ವಾ? ಧಾರವಾಡ ಕೊಡಿ. 6 ಅನ್ನುತ್ತದೆ. ನಾವು ಎಣಿಸಿದರೆ ನಾಲ್ಕು ಅಕ್ಷರ. ಹುಬ್ಬಳ್ಳಿ ಕೊಡಿ. ನಮಗೆ ಮೂರು ಅಕ್ಷರ, ಯಂತ್ರ 9 ಅನ್ನುತ್ತದೆ. ಪ್ರೋಗ್ರಾಂ ತಪ್ಪಿಲ್ಲ. ಲೆಂಗ್ತ್ ಎಣಿಸುವುದು 16 ಬಿಟ್‌ನ ಘಟಕಗಳನ್ನು. ಹ, ಉಕಾರದ ಚಿಹ್ನೆ, ಬ, ವಿರಾಮದ ಚಿಹ್ನೆ (ವ್ಯಂಜನದ ಸ್ವರ ತೆಗೆಯುವ ಗುರುತು), ಬ, ಳ, ವಿರಾಮ, ಳ, ಇಕಾರದ ಚಿಹ್ನೆ, ಒಟ್ಟು ಒಂಬತ್ತು. ಅದನ್ನೇ ಯುಟಿಎಫ್-8 ಫೈಲಿನಲ್ಲಿ ಉಳಿಸಿದರೆ ಒಂದೊಂದಕ್ಕೆ ಮೂರು ಬೈಟ್, 27 ಬೈಟ್. ಹಾವೇರಿಯದು ಇನ್ನೂ ಸ್ವಾರಸ್ಯ. ವೇ ಅನ್ನುವುದರ ಏಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಇಡಬಹುದು, ಎಕಾರ ಮತ್ತು ದೀರ್ಘದ ಗುರುತು ಅಂತ ಎರಡಾಗಿಯೂ ಇಡಬಹುದು. ಹೇಗೆ ಉಳಿಸಿದ್ದೀರಿ ಅನ್ನುವುದರ ಮೇಲೆ ಉತ್ತರ 6 ಅಥವಾ 7. ಪರದೆಯ ಮೇಲೆ ಎರಡೂ ಒಂದೇ ಹಾವೇರಿ.

ಇಲ್ಲಿಂದ ಮುಂದಿನ ಪಾಠ ತಾನಾಗಿ ಬರುತ್ತದೆ. ನಮಗೆ ಅಕ್ಷರಗಳ ಸಂಖ್ಯೆ ಬೇಕು. ಎನ್‌ಎಸ್‌ಸ್ಟ್ರಿಂಗ್‌ನಲ್ಲಿ ಅಂಥ ಮೆಥಡ್ ಇಲ್ಲ. ಆಬ್ಜೆಕ್ಟಿವ್-ಸಿಯಲ್ಲಿ ಕೆಟಗರಿ ಅಂತ ಒಂದು ಸೌಲಭ್ಯ ಇದೆ. ಬೇರೆಯವರು ಬರೆದ ಕ್ಲಾಸಿನ ಸೋರ್ಸ್ ಮುಟ್ಟದೆ ಅದಕ್ಕೆ ನಿಮ್ಮ ಮೆಥಡ್ ಸೇರಿಸಬಹುದು. ನಿಯಮ ಸರಳ. ಸ್ವರಚಿಹ್ನೆ ಬಂದರೆ ಹಿಂದಿನ ಅಕ್ಷರಕ್ಕೆ ಸೇರಿಸು. ವಿರಾಮದ ನಂತರ ವ್ಯಂಜನ ಬಂದರೆ ಅದನ್ನೂ ಹಿಂದಿನದಕ್ಕೇ ಸೇರಿಸು. ಅನುಸ್ವಾರ, ವಿಸರ್ಗ ಹಾಗೆಯೇ. ಹತ್ತಿಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ. ಮುಗಿದಾಗ ನಿಮ್ಮ ಪೆಂಟಿಯಂ ಹುಬ್ಬಳ್ಳಿಗೆ 3 ಅನ್ನುತ್ತದೆ.

ಇಂಥ ಟರ್ಮಿನಲ್ ಪ್ರೋಗ್ರಾಮಿಗೆ ನಮ್ಮ ಕಡೆ ನಿಜವಾದ ಕೆಲಸವೂ ಇದೆ. ಗದಗಿನ ಮುದ್ರಣದ ಹೆಸರು ನಿಮಗೆ ಗೊತ್ತು. ಪ್ರೆಸ್ಸುಗಳ ಹಳೆ ಡಿಸ್ಕುಗಳಲ್ಲಿ ಯೂನಿಕೋಡ್‌ಗೆ ಮುಂಚಿನ ಫಾಂಟ್ ಸಂಕೇತಗಳಲ್ಲಿ ಟೈಪ್ ಮಾಡಿದ ಕನ್ನಡ ಇರುತ್ತದೆ. ಅದನ್ನು ಇಂದಿನ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಒಂದು ಡಿಕ್ಷನರಿ, ಕೆಲವು ಅದಲುಬದಲು ನಿಯಮ, ಫೈಲು ಓದಿ ಬರೆಯುವುದು. ಇದಕ್ಕೆ ಬೇಸ್ ಒಂದೇ ಸಾಕು.

ಯಂತ್ರ ಎರಡಿದ್ದರೆ ಇನ್ನೊಂದು ಪ್ರಯೋಗ ಮಾಡಿ. ಡಿಸ್ಟ್ರಿಬ್ಯೂಟೆಡ್ ಆಬ್ಜೆಕ್ಟ್ಸ್ ಅಂತ ಒಂದು ಸೌಲಭ್ಯ ನೆಕ್ಸ್ಟ್ ಕಾಲದಿಂದ ಇದೆ. ಒಂದು ಯಂತ್ರದಲ್ಲಿರುವ ವಸ್ತುವಿಗೆ ಇನ್ನೊಂದು ಯಂತ್ರದಿಂದ ಸಂದೇಶ ಕಳಿಸಬಹುದು. ಬರೆಯುವ ರೀತಿ ಮಾಮೂಲಿನದೇ, ಅದೇ ಚೌಕ ಆವರಣ. ಯಾವ ವಸ್ತು ಎಲ್ಲಿದೆ ಅಂತ ಹೇಳಲು ಜಿಡೋಮ್ಯಾಪ್ ಎಂಬ ಪುಟ್ಟ ಸೇವೆ 538ನೇ ಪೋರ್ಟಿನಲ್ಲಿ ಕೂತಿರುತ್ತದೆ. ಆಪಲ್ 2017ರಲ್ಲಿ ಮ್ಯಾಕ್ ಓಎಸ್ 10.13ರ ಹೊತ್ತಿಗೆ ಇದನ್ನು ಬಳಸಬೇಡಿ ಅಂತ ಬದಿಗಿಟ್ಟಿತು. ಗ್ನೂಸ್ಟೆಪ್‌ನಲ್ಲಿ ಉಳಿದಿದೆ. ಇದಕ್ಕೆ ಗೂಢಲಿಪಿಯ ರಕ್ಷಣೆ ತಾನಾಗಿ ಬರುವುದಿಲ್ಲ, ಆದ್ದರಿಂದ ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ. ಲ್ಯಾಬಿನ ಒಳಗಿನ ಸ್ವಿಚ್ಚಿಗೆ ಮಾತ್ರ ಜೋಡಿಸಿ. ಕಳಿಸಿದ ಸಂದೇಶ ತಂತಿಯ ಮೇಲೆ ಹೋಗಿ ಆಚೆ ಯಂತ್ರದ ಪರದೆಯಲ್ಲಿ ಕಂಡಾಗ ರನ್‌ಟೈಮ್ ಏನು ಮಾಡುತ್ತದೆ ಅನ್ನುವುದು ವಿದ್ಯಾರ್ಥಿಗಳಿಗೆ ಒಮ್ಮೆಗೇ ತಿಳಿಯುತ್ತದೆ.

ಕಂಪೈಲರ್ ಆಯ್ಕೆಯ ಬಗ್ಗೆ ಎರಡು ಮಾತು. ಹೊಸ ಗ್ನೂಸ್ಟೆಪ್ ಬಳಕೆದಾರರು ಕ್ಲಾಂಗ್ ಮತ್ತು ಲಿಬ್‌ಆಬ್ಜೆಸಿ2 ಎಂಬ ಹೊಸ ರನ್‌ಟೈಮ್ ಬಳಸುತ್ತಾರೆ. ತಾನಾಗಿ ಮೆಮೊರಿ ನೋಡಿಕೊಳ್ಳುವ ಎಆರ್‌ಸಿ, ಬ್ಲಾಕ್ಸ್ ಎಲ್ಲ ಅದರಲ್ಲಿ ಸಿಗುತ್ತವೆ. ಜಿಸಿಸಿಯಲ್ಲಿ ಅವು ಇಲ್ಲ. ರಿಟೈನ್, ರಿಲೀಸ್ ನೀವೇ ಬರೆಯಬೇಕು. ಹಳೆ ಯಂತ್ರಕ್ಕೆ ನನ್ನ ಸಲಹೆ ಜಿಸಿಸಿ. ಹಗುರಾಗಿದೆ ಅನ್ನುವುದು ಒಂದು ಕಾರಣ. ಒಂದು ವಸ್ತುವನ್ನು ಯಾರು ಹಿಡಿದಿದ್ದಾರೆ, ಯಾವಾಗ ಬಿಡಬೇಕು ಅಂತ ಕೈಯಾರೆ ಲೆಕ್ಕ ಇಟ್ಟವರಿಗೆ ಎಆರ್‌ಸಿ ಏನು ಮಾಡುತ್ತದೆ ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ, ಅದು ಇನ್ನೊಂದು ಕಾರಣ.

ಉಳಿದ ಎರಡು ಪದರ ಗುಯಿ ಮತ್ತು ಬ್ಯಾಕ್. ಕಿಟಕಿ, ಮೆನು, ಬಟನ್, ಪಠ್ಯದ ಜೋಡಣೆ ಎಲ್ಲ ಗುಯಿಯಲ್ಲಿ. ಅದನ್ನು ನಿಜವಾದ ಪರದೆಯ ಮೇಲೆ ಬಿಡಿಸುವುದು ಬ್ಯಾಕ್. ಬ್ಯಾಕ್ ಬೇರೆ ಕಟ್ಟಾಗಿ ಇರುತ್ತದೆ, ಪ್ರೋಗ್ರಾಂ ಶುರುವಾದಾಗ ಗುಯಿ ಅದನ್ನು ಹುಡುಕಿ ಒಳಗೆ ತಂದುಕೊಳ್ಳುತ್ತದೆ. ಎರಡರ ಆವೃತ್ತಿ ಹೊಂದದಿದ್ದರೆ ಬ್ಯಾಕೆಂಡ್ ಸಿಗಲಿಲ್ಲ ಅಂತ ಅಲ್ಲೇ ನಿಲ್ಲುತ್ತದೆ. ಬಿಡಿಸಲು ಕೈರೋ ಅಥವಾ ಎಕ್ಸ್‌ಲಿಬ್ ಎಂಬ ಲೈಬ್ರರಿ ಆರಿಸಬಹುದು. ಕೈರೋ ಅಂದವಾಗಿ ಬಿಡಿಸುತ್ತದೆ, ಎಕ್ಸ್‌ಲಿಬ್ ಹಗುರ. ಮೇಲೆ ಕಿಟಕಿಗಳನ್ನು ನಿಭಾಯಿಸುವ ವಿಂಡೋ ಮೇಕರ್ ಹಾಕಿದರೆ ನೆಕ್ಸ್ಟ್ ಯಂತ್ರದ ಮುಖವೇ ಬರುತ್ತದೆ. ಕಿಟಕಿಯ ವಿನ್ಯಾಸ ಮಾಡುವ ಗಾರ್ಮ್ ಎಂಬ ಸಾಧನವನ್ನೂ ಹಾಕಿ. ಅದರಲ್ಲಿ ಬಟನ್ ಎಳೆದು ಇಟ್ಟರೆ ಕೋಡ್ ಹುಟ್ಟುವುದಿಲ್ಲ. ಜೀವಂತ ವಸ್ತುಗಳನ್ನೇ ಫೈಲಿನಲ್ಲಿ ಉಳಿಸುತ್ತದೆ.

ಕೊನೆಗೆ, ನಮ್ಮವರು ಕೈಹಾಕಬೇಕಾದ ಜಾಗ. ನಾನು ಕಟ್ಟಿದ ಪ್ರತಿಯಲ್ಲಿ ಗದಗ ಅಂತ ಕಿಟಕಿಯಲ್ಲಿ ಬರೆದರೆ ಚೆನ್ನಾಗಿ ಬಂತು. ಹುಬ್ಬಳ್ಳಿ ಬರೆದರೆ ಒತ್ತಕ್ಷರ ಸರಿಯಾಗಿ ಕೂಡಲಿಲ್ಲ. ಲ್ಯಾಟಿನ್ ಲಿಪಿಯಲ್ಲಿ ಒಂದು ಸಂಕೇತಕ್ಕೆ ಒಂದು ಆಕಾರ ಇಟ್ಟರೆ ಹೆಚ್ಚುಕಡಿಮೆ ಸಾಕು. ಕನ್ನಡಕ್ಕೆ ಸಾಲದು, ಹಲವು ಸಂಕೇತ ಸೇರಿಸಿ ನೋಡಿ ಆಕಾರ ಆರಿಸಬೇಕು. ಇತರ ಲಿನಕ್ಸ್ ಡೆಸ್ಕ್‌ಟಾಪುಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಅದನ್ನು ಸಿ ಭಾಷೆಯಿಂದ ಕರೆಯಬಹುದು, ಅಂದರೆ ಆಬ್ಜೆಕ್ಟಿವ್-ಸಿಯಿಂದ ನೇರವಾಗಿ ಕರೆಯಬಹುದು. ಗುಯಿ ಪಠ್ಯ ಜೋಡಿಸುವ ಭಾಗ ಮತ್ತು ಬ್ಯಾಕ್ ಫಾಂಟ್ ಬಿಡಿಸುವ ಭಾಗ ಎರಡನ್ನೂ ಓದಿ, ಅಲ್ಲಿ ಇದನ್ನು ತರಬೇಕು. ಒಬ್ಬ ವಿದ್ಯಾರ್ಥಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ತಕ್ಕ ಅಳತೆಯ ಕೆಲಸ.

ಮಾಡುವವರಿಗೆ ಪರೀಕ್ಷೆಗೆ ಕೆಲವು ಪದ ಕೊಡುತ್ತೇನೆ, ಬರೆದುಕೊಳ್ಳಿ. ಕ್ಷ ಸರಿಯಾಗಿ ಬರಬೇಕು. ಸ್ತ್ರೀ ಬರಬೇಕು, ಅದರಲ್ಲಿ ಆರು ಸಂಕೇತ ಸೇರಿ ಒಂದು ಅಕ್ಷರ, ಎರಡು ಒತ್ತು. ಸೂರ್ಯ ಬರಬೇಕು, ಅಲ್ಲಿ ಸಂಕೇತದಲ್ಲಿ ರ ಮೊದಲು ಇದ್ದರೂ ಅರ್ಕಾವೊತ್ತು ಯಕಾರದ ನಂತರ ಕಾಣಬೇಕು. ರ‍್ಯಾಂಕ್ ಬರಬೇಕು, ಅಲ್ಲಿ ಅದೇ ರ ಅರ್ಕಾವೊತ್ತಾಗದೆ ಪೂರ್ತಿ ಉಳಿದು ಯಕಾರವೇ ಒತ್ತಾಗಬೇಕು. ಅದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತ ಒಂದಿರುತ್ತದೆ, ಅದನ್ನು ನಿಮ್ಮ ಕೋಡ್ ಎಸೆಯಬಾರದು. ಈ ನಾಲ್ಕೂ ಸರಿ ಬಂದ ಮೇಲೆ ಕರ್ಸರ್ ಇಟ್ಟು ಎಡಬಲ ಸರಿಸಿ ನೋಡಿ, ಅದು ಅಕ್ಷರದ ನಡುವೆ ನಿಲ್ಲಬಾರದು. ಬ್ಯಾಕ್‌ಸ್ಪೇಸ್ ಒತ್ತಿದಾಗ ಏನು ಅಳಿಯಬೇಕು, ಪೂರ್ತಿ ಅಕ್ಷರವೋ ಕೊನೆಯ ಚಿಹ್ನೆಯೋ, ಅದನ್ನು ನೀವು ಕನ್ನಡ ಟೈಪ್ ಮಾಡುವವರ ಪಕ್ಕ ಕೂತು ನೋಡಿ ತೀರ್ಮಾನಿಸಿ.